‘ಇಂದು ನಗದು, ನಾಳೆ ಉದ್ರಿ’: ವಿದೇಶಿ ಸೂಪರ್‌ಮಾರ್ಕೆಟ್ ಬಂದ್ರೆ ನಮ್ಮ ದಿನಸಿ ಅಂಗಡಿಗೆ ಏನಾಗುತ್ತೆ?

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನುವವರಿಗಾಗಿ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.



ಇವತ್ತು ಒಂದು ಬೋರ್ಡ್‌ನಿಂದ ಶುರು ಮಾಡೋಣ. ನಿಮ್ಮ ಏರಿಯಾದ ಯಾವುದಾದ್ರೂ ಹಳೇ ದಿನಸಿ ಅಂಗಡಿಯಲ್ಲಿ ಇದನ್ನ ನೋಡಿರ್ತೀರ. ದೇವರ ಫೋಟೋ ಪಕ್ಕದಲ್ಲೋ, ಗಲ್ಲಾಪೆಟ್ಟಿಗೆ ಮೇಲೋ ಅಂಟಿಸಿರ್ತಾರೆ: ‘ಇಂದು ನಗದು, ನಾಳೆ ಉದ್ರಿ’. ನಾಳೆ ಹೋದ್ರೂ ಬೋರ್ಡ್ ಅದನ್ನೇ ಹೇಳುತ್ತೆ. ತಮಾಷೆ ಏನಂದ್ರೆ, ಆ ಬೋರ್ಡ್ ಇರೋ ಅಂಗಡಿಯಲ್ಲೇ ಅತಿ ಹೆಚ್ಚು ಉದ್ರಿ ನಡೆಯೋದು.

ನಮ್ಮ ರಸ್ತೆಯ ಅಂಗಡಿಯೂ ಹಾಗೇ. ಕಳೆದ ತಿಂಗಳು 27ನೇ ತಾರೀಕು ಸಂಜೆ ಹಾಲು ತರೋಕೆ ಹೋಗಿದ್ದೆ. ಅಕ್ಕಪಕ್ಕದ ಮನೆಗಳಲ್ಲಿ ಕೆಲಸ ಮಾಡೋ ಒಬ್ಬರು ಅಕ್ಕ ಬಂದ್ರು. ಅರ್ಧ ಲೀಟರ್ ಎಣ್ಣೆ, ಒಂದು ಕೆಜಿ ಸಕ್ಕರೆ, ಎರಡು ಬಟ್ಟೆ ಸೋಪು ತಗೊಂಡು ‘ಬರ್ಕೊಳ್ಳಿ ಅಣ್ಣ’ ಅಂದ್ರು. ಅಣ್ಣ ಉದ್ದನೆಯ ನೋಟ್‌ಬುಕ್ ತೆಗೆದು ಬರ್ಕೊಂಡ್ರು. ಅಷ್ಟೇ. ಆಧಾರ್ ಕೇಳಲಿಲ್ಲ, ಒಟಿಪಿ ಬರಲಿಲ್ಲ. ಅದೇ ಹೊತ್ತಿಗೆ ಎದುರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮೂರು ಡೆಲಿವರಿ ಬೈಕು ನಿಂತಿದ್ವು.

‘ಏನಣ್ಣ, ವ್ಯಾಪಾರ ಹೇಗಿದೆ?’ ಅಂತ ಕೇಳ್ದೆ.

‘ಬುಕ್ ತುಂಬ್ತಾ ಇದೆ ಕಣಪ್ಪ, ಗಲ್ಲಾ ತುಂಬ್ತಾ ಇಲ್ಲ’ ಅಂದ್ರು.

ಈ ಒಂದು ಮಾತನ್ನ ಬಿಡಿಸಿ ಹೇಳೋದೇ ಇವತ್ತಿನ ಸಂಚಿಕೆ. ವಿದೇಶಿ ಸೂಪರ್‌ಮಾರ್ಕೆಟ್ ಬಂದ್ರೆ ಸಣ್ಣ ಅಂಗಡಿಗಳು ಮುಚ್ಚಿ ಹೋಗ್ತವಾ ಅನ್ನೋ ಪ್ರಶ್ನೆಯನ್ನ ನಾವು 20 ವರ್ಷಕ್ಕಿಂತ ಹೆಚ್ಚು ಕಾಲದಿಂದ ಕೇಳ್ತಾ ಇದ್ದೀವಿ. ಆದ್ರೆ ಎಲ್ಲರೂ ಬೆಲೆ ಬಗ್ಗೆನೇ ಮಾತಾಡ್ತಾರೆ. ಉದ್ರಿ ಬಗ್ಗೆ ಯಾರೂ ಮಾತಾಡಲ್ಲ. ನನ್ನ ಪ್ರಕಾರ ಅಸಲಿ ವಿಷಯ ಇರೋದು ಅಲ್ಲೇ.

ಮೊದಲ ವಿದೇಶಿ ಹೋಲ್‌ಸೇಲ್ ಬಂದಿದ್ದು ಬೆಂಗಳೂರಿಗೆ

ಈ ಕತೆ ದೆಹಲಿ ಮುಂಬೈಯಿಂದ ಶುರು ಆಗಲ್ಲ, ನಮ್ಮೂರಿಂದಲೇ ಶುರು ಆಗುತ್ತೆ. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪನಿ ಭಾರತದಲ್ಲಿ ತನ್ನ ಮೊದಲ ಮಳಿಗೆ ತೆರೆದಿದ್ದು ಬೆಂಗಳೂರಿನಲ್ಲಿ. ಯಶವಂತಪುರದ ಮೆಟ್ರೋ ಅಂದ್ರೆ ನಮ್ಮ ರೈಲು ಬರೋಕೆ ಮುಂಚೆ ಬೆಂಗಳೂರಿನವರಿಗೆ ಇದೇ ನೆನಪಾಗ್ತಿತ್ತು. ಹತ್ತಿರದಲ್ಲೇ ಎಪಿಎಂಸಿ ಯಾರ್ಡ್. ಅಕ್ಕಿ, ಬೇಳೆಯ ದೊಡ್ಡ ಮಂಡಿ ಇರೋ ಕಡೆಯೇ ಜರ್ಮನ್ ಕಂಪನಿ ಬಂದು ಕೂತಿತು.

ಆದ್ರೆ ಮೆಟ್ರೋ ನಮ್ಮ ನಿಮ್ಮಂಥವರಿಗೆ ಸೋಪು, ಬಿಸ್ಕತ್ತು ಮಾರೋ ಹಾಗಿರಲಿಲ್ಲ. ಇಲ್ಲಿ ಒಂದು ನಿಯಮ ಅರ್ಥ ಮಾಡ್ಕೋಬೇಕು. ನಮ್ಮ ಸರ್ಕಾರ ಚಿಲ್ಲರೆ ವ್ಯಾಪಾರ ಮತ್ತು ಸಗಟು ವ್ಯಾಪಾರವನ್ನ ಬೇರೆ ಬೇರೆ ಮಾಡಿ ನೋಡುತ್ತೆ. ಸಗಟು ವ್ಯಾಪಾರದಲ್ಲಿ 100% ವಿದೇಶಿ ಬಂಡವಾಳಕ್ಕೆ 1997ರಲ್ಲೇ ಅವಕಾಶ ಇತ್ತು, ಸರ್ಕಾರದ ಒಪ್ಪಿಗೆ ಬೇಕಿತ್ತು ಅಷ್ಟೇ. 2006ರಲ್ಲಿ ಆ ಒಪ್ಪಿಗೆಯೂ ಬೇಡ ಅಂತಾಯ್ತು. ಹಲವು ಬ್ರ್ಯಾಂಡ್‌ಗಳ ಸಾಮಾನು ಇಟ್ಟು ನೇರ ಗ್ರಾಹಕರಿಗೆ ಮಾರೋದಕ್ಕೆ ಮಾತ್ರ ಬಾಗಿಲು ಮುಚ್ಚಿತ್ತು.

ಹಾಗಾಗಿ ಮೆಟ್ರೋ ಗ್ರಾಹಕರು ಯಾರು? ದಿನಸಿ ಅಂಗಡಿಯವರು, ಹೋಟೆಲ್‌ನವರು, ಕ್ಯಾಂಟೀನ್‌ನವರು. ವ್ಯಾಪಾರ ಲೈಸೆನ್ಸೋ ತೆರಿಗೆ ನೋಂದಣಿಯೋ ಇದ್ದವರಿಗೆ ಕಾರ್ಡ್. ಕಾರ್ಡ್ ಇದ್ರೆ ಮಾತ್ರ ಒಳಗೆ. ‘ಹೋಲ್‌ಸೇಲ್ ಅಂತ ಹೇಳಿ ರಿಟೇಲ್ ಮಾಡ್ತಿದ್ದಾರೆ’ ಅಂತ ಸ್ಥಳೀಯ ವ್ಯಾಪಾರಿಗಳು ಆಗ ಗಲಾಟೆ ಮಾಡಿದ್ರು. ಯಾರದ್ದೋ ಕಾರ್ಡ್ ಇಸ್ಕೊಂಡು ಹೋಗಿ ಮನೆಗೆ ಸಾಮಾನು ತಂದ ಬೆಂಗಳೂರಿನವರು ಬೇಕಾದಷ್ಟು ಜನ ಸಿಗ್ತಾರೆ, ನಗಬೇಡಿ.

ಈ ವ್ಯಾಪಾರದ ಮಾದರಿಯ ಹೆಸರು ಕ್ಯಾಶ್ ಅಂಡ್ ಕ್ಯಾರಿ. ದುಡ್ಡು ಈಗಲೇ ಕೊಡಿ, ಸಾಮಾನು ನೀವೇ ಹೊತ್ಕೊಂಡು ಹೋಗಿ. ಅಂದ್ರೆ ನಮ್ಮ ಅಂಗಡಿ ಬೋರ್ಡ್‌ನ ಮೊದಲರ್ಧ. ‘ಇಂದು ನಗದು.’ ನಾಳೆಯೂ ನಗದೇ.

ಕಣ್ಣಿಗೆ ಕಾಣದ ಬ್ಯಾಂಕು

ಈಗ ಒಂದು ಪ್ರಶ್ನೆ. ಮೆಟ್ರೋದಲ್ಲಿ ಅಷ್ಟು ಕಡಿಮೆ ರೇಟು ಇದ್ರೆ, ಎಲ್ಲಾ ಅಂಗಡಿಯವರೂ ಅಲ್ಲಿಂದಲೇ ಯಾಕೆ ತರಲಿಲ್ಲ? 20 ವರ್ಷ ಆದ ಮೇಲೂ ಡಿಸ್ಟ್ರಿಬ್ಯೂಟರ್‌ಗಳು ಹೇಗೆ ಉಳ್ಕೊಂಡ್ರು?

ಡಿಸ್ಟ್ರಿಬ್ಯೂಟರ್ ಅಂದ್ರೆ ಯಾರು ಅಂತ ಸ್ವಲ್ಪ ನೋಡೋಣ. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತು ಮಾಡೋ ಕಂಪನಿ ಪ್ರತಿ ಅಂಗಡಿಗೂ ತಾನೇ ಬರಲ್ಲ. ಒಂದೊಂದು ಏರಿಯಾಕ್ಕೆ ಒಬ್ಬ ಡಿಸ್ಟ್ರಿಬ್ಯೂಟರ್‌ನ ನೇಮಿಸುತ್ತೆ. ಆತ ಕಂಪನಿಗೆ ದುಡ್ಡು ಕೊಟ್ಟು ಮಾಲು ತರ್ತಾನೆ, ಗೋಡೌನ್ ಇಟ್ಕೊಳ್ತಾನೆ. ಆತನ ಸೇಲ್ಸ್‌ಮನ್ ವಾರಕ್ಕೊಂದು ಸಲ ನಿಮ್ಮ ಬೀದಿಯ ಅಂಗಡಿಗೆ ಬಂದು ಆರ್ಡರ್ ಬರ್ಕೊಂಡು ಹೋಗ್ತಾನೆ. ಮಾರನೇ ದಿನ ಗೂಡ್ಸ್ ಆಟೋದಲ್ಲಿ ಮಾಲು ಬರುತ್ತೆ. ದುಡ್ಡು? ಮುಂದಿನ ವಾರ. ಹಳೇ ಬಿಲ್ ಚುಕ್ತಾ ಮಾಡಿದ್ರೆ ಹೊಸ ಮಾಲು. ಎಕ್ಸ್‌ಪೈರಿ ಆಗಿದ್ದು, ಪ್ಯಾಕೆಟ್ ಒಡೆದಿದ್ದು ಇದ್ರೆ ವಾಪಸ್ಸೂ ತಗೋತಾನೆ. ಪ್ರತಿ ಸಲ ಸಲೀಸಾಗಿ ತಗೋತಾನೆ ಅಂತಲ್ಲ, ಜಗಳ ಆಡಿದ್ರೆ ತಗೋತಾನೆ.

ಈ ಒಂದು ವಾರದ ಗಡುವನ್ನ ಗಮನಿಸಿ. ಇದು ಬಡ್ಡಿ ಇಲ್ಲದ ಸಾಲ. ಡಿಸ್ಟ್ರಿಬ್ಯೂಟರ್ ಅಂಗಡಿಯವರಿಗೆ ಒಂದು ವಾರ ಕೊಡ್ತಾನೆ. ಆ ಧೈರ್ಯದ ಮೇಲೆ ಅಂಗಡಿ ಅಣ್ಣ ಮನೆಕೆಲಸದ ಅಕ್ಕನಿಗೆ ಒಂದನೇ ತಾರೀಕಿನವರೆಗೆ ಕೊಡ್ತಾರೆ. ಬ್ಯಾಂಕು ಒಳಗೇ ಬಿಟ್ಕೊಳ್ಳದ ಮನೆಗಳಿಗೆ ಸಾಲ ತಲುಪೋದು ಈ ಸರಪಳಿಯಲ್ಲಿ. ಕಾಗದ ಇಲ್ಲ, ಗ್ಯಾರಂಟಿ ಇಲ್ಲ. ಮುಖ ಪರಿಚಯ ಅಷ್ಟೇ.

ಹಾಗಂತ ಡಿಸ್ಟ್ರಿಬ್ಯೂಟರ್‌ನ ದೇವರು ಮಾಡಬೇಡಿ. ಅಂಗಡಿ ತೀರಾ ಚಿಕ್ಕದಿದ್ರೆ, ಸಂದಿಯಲ್ಲಿದ್ರೆ ಸೇಲ್ಸ್‌ಮನ್ ಆ ಕಡೆ ತಲೆನೇ ಹಾಕಲ್ಲ. ಕಂಪನಿ ಕೊಟ್ಟ ಸ್ಕೀಮು, ಹತ್ತಕ್ಕೆ ಒಂದು ಫ್ರೀ ಅನ್ನೋದು, ಮಧ್ಯದಲ್ಲೇ ಎಲ್ಲೋ ಮಾಯ ಆಗೋದೂ ಉಂಟು. ಅಂಥ ಅಂಗಡಿಯವರಿಗೆ ಮೆಟ್ರೋ ನಿಜವಾಗಿ ಉಪಕಾರ ಮಾಡಿತು. ಎಲ್ಲರಿಗೂ ಒಂದೇ ರೇಟು, ಕೈಗೆ ಬಿಲ್ಲು, ಒಂದೇ ಸೂರಿನಡಿ ಎಲ್ಲಾ ಬ್ರ್ಯಾಂಡು. ಹಾಗಾಗಿ ‘ವಿದೇಶಿ ಕಂಪನಿ ವಿರುದ್ಧ ಬಡ ಅಂಗಡಿ’ ಅನ್ನೋ ಚಿತ್ರ ಇಲ್ಲಿ ಸರಿ ಹೊಂದಲ್ಲ. ಮೆಟ್ರೋಗೆ ಅಂಗಡಿಯವರೇ ಗಿರಾಕಿಗಳು. ಸ್ಪರ್ಧೆ ಇದ್ದಿದ್ದು ಡಿಸ್ಟ್ರಿಬ್ಯೂಟರ್ ಮತ್ತು ಮಂಡಿ ವ್ಯಾಪಾರಿಗಳ ಜೊತೆ.

ಸಾಮಾನ್ಯವಾಗಿ ಅಂಗಡಿಯವರು ಎರಡನ್ನೂ ಬಳಸ್ತಾರೆ. ಕೈಯಲ್ಲಿ ಕಾಸಿದ್ದಾಗ ಕ್ಯಾಶ್ ಅಂಡ್ ಕ್ಯಾರಿಗೆ ಹೋಗಿ ಅಗ್ಗವಾಗಿ ತರ್ತಾರೆ. ಕಾಸಿಲ್ಲದಾಗ ಡಿಸ್ಟ್ರಿಬ್ಯೂಟರ್ ಹತ್ರ ಆರ್ಡರ್ ಕೊಡ್ತಾರೆ. ಇದು ಜಾಣತನ. ಆದ್ರೆ ಡಿಸ್ಟ್ರಿಬ್ಯೂಟರ್ ಬದುಕಿರೋವರೆಗೆ ಮಾತ್ರ ಈ ಜಾಣತನ ನಡೆಯುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

2012: ಬಾಗಿಲು ತೆರೀತು, ಆದ್ರೆ ಯಾರೂ ಒಳಗೆ ಬರಲಿಲ್ಲ

ನಮ್ಮಲ್ಲಿ ಹಲವರು ಆಗ ಸ್ಕೂಲು ಕಾಲೇಜಿನಲ್ಲಿದ್ವಿ. 2012ರ ಸೆಪ್ಟೆಂಬರ್‌ನಲ್ಲಿ ಮನಮೋಹನ್ ಸಿಂಗ್ ಸರ್ಕಾರ ಮಲ್ಟಿ ಬ್ರ್ಯಾಂಡ್ ರಿಟೇಲ್‌ನಲ್ಲಿ 51% ವಿದೇಶಿ ಬಂಡವಾಳಕ್ಕೆ ಅನುಮತಿ ಕೊಟ್ಟಿತು. ಸೆಪ್ಟೆಂಬರ್ 20ಕ್ಕೆ ಭಾರತ್ ಬಂದ್. ಮಮತಾ ಬ್ಯಾನರ್ಜಿ ಪಕ್ಷ ಬೆಂಬಲ ವಾಪಸ್ ತಗೊಂಡಿತು. ಡಿಸೆಂಬರ್ 5ರಂದು ಲೋಕಸಭೆಯಲ್ಲಿ ಮತಕ್ಕೆ ಹಾಕಿದಾಗ ಸರ್ಕಾರದ ಪರ 253, ವಿರುದ್ಧ 218.

ಅನುಮತಿ ಸಿಕ್ತು, ಆದ್ರೆ ಷರತ್ತುಗಳ ರಾಶಿ ಇತ್ತು. ಕನಿಷ್ಠ 10 ಕೋಟಿ ಡಾಲರ್ ತರಬೇಕು. ಅದರಲ್ಲಿ ದೊಡ್ಡ ಪಾಲು ಗೋಡೌನ್, ಶೀತಲಗೃಹದಂಥ ಕಡೆ ಹಾಕಬೇಕು. 30% ಸಾಮಾನು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. 10 ಲಕ್ಷಕ್ಕಿಂತ ಹೆಚ್ಚು ಜನ ಇರೋ ಊರಲ್ಲಿ ಮಾತ್ರ ಅಂಗಡಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಆ ಗೆರೆ ದಾಟಿದ್ದು ಬೆಂಗಳೂರೊಂದೇ. ಇಷ್ಟೆಲ್ಲ ಆದ ಮೇಲೂ ಕೊನೇ ಮಾತು ರಾಜ್ಯ ಸರ್ಕಾರದ್ದು. ಒಪ್ಪಿದ ರಾಜ್ಯಗಳ ಪಟ್ಟಿಗೆ ಮುಂದೆ ಕರ್ನಾಟಕವೂ ಸೇರಿತು.

ಆಮೇಲೆ ಏನಾಯ್ತು? ಹೆಚ್ಚೇನೂ ಆಗಲಿಲ್ಲ. ಈ ದಾರಿಯಲ್ಲಿ ಬಂದಿದ್ದು ಬ್ರಿಟನ್ನಿನ ಟೆಸ್ಕೋ ಒಂದೇ. ಅದು ಟಾಟಾ ಸಮೂಹದ ಟ್ರೆಂಟ್ ಜೊತೆ ಸೇರಿ ಸ್ಟಾರ್ ಬಜಾರ್‌ನಲ್ಲಿ ಪಾಲು ತಗೊಂಡಿತು. ವಾಲ್‌ಮಾರ್ಟ್ ಮತ್ತು ಭಾರ್ತಿ 2013ರಲ್ಲಿ ಬೇರೆ ಆದ್ವು. ಫ್ರಾನ್ಸಿನ ಕಾರ್‌ಫೋರ್ 2014ರಲ್ಲಿ ಗಂಟು ಮೂಟೆ ಕಟ್ಟಿತು. ಅದೇ ವರ್ಷ ಅಧಿಕಾರಕ್ಕೆ ಬಂದ ಬಿಜೆಪಿ, ಮಲ್ಟಿ ಬ್ರ್ಯಾಂಡ್ ರಿಟೇಲ್‌ಗೆ ವಿದೇಶಿ ಬಂಡವಾಳ ಬೇಡ ಅಂತ ತನ್ನ ಪ್ರಣಾಳಿಕೆಯಲ್ಲೇ ಬರೆದಿತ್ತು. ‘ಹಾಗಾದ್ರೆ ಬೆಂಗಳೂರಿನಲ್ಲಿ ಸ್ಪಾರ್ ಇದೆಯಲ್ಲ?’ ಅಂತ ಕೇಳ್ತೀರ. ಹೆಸರು ನೆದರ್‌ಲ್ಯಾಂಡ್ಸ್ ಮೂಲದ್ದು. ಆದ್ರೆ ಅದು ಹೆಸರು ಬಳಸೋ ಲೈಸೆನ್ಸ್ ಒಪ್ಪಂದ, ಈ 51%ರ ದಾರಿಯಲ್ಲ.

ಅಂದ್ರೆ ದೇಶವಿಡೀ ಬಂದ್ ಮಾಡಿ ಕಾದ ಮುಂಬಾಗಿಲಿನಿಂದ ಹೆಚ್ಚುಕಮ್ಮಿ ಯಾರೂ ಬರಲಿಲ್ಲ.

ಲಾಭ ಯಾರಿಗೆ, ನಷ್ಟ ಯಾರಿಗೆ: ಅಧ್ಯಯನ ಏನು ಹೇಳುತ್ತೆ

ಮುಂದೆ ಹೋಗೋಕೆ ಮುಂಚೆ ಎರಡು ಅಧ್ಯಯನ ನೋಡೋಣ, ಭಾವನೆಯಲ್ಲಿ ಮಾತ್ರ ಮಾತಾಡೋದು ಬೇಡ.

ಒಂದು ನಮ್ಮದೇ ದೇಶದ್ದು. ದೆಹಲಿಯ ಇಕ್ರಿಯರ್ ಸಂಸ್ಥೆ 2008ರಲ್ಲಿ ಸಂಘಟಿತ ರಿಟೇಲ್, ಅಂದ್ರೆ ಮಾಲ್ ಮತ್ತು ಸೂಪರ್‌ಮಾರ್ಕೆಟ್‌ಗಳಿಂದ ಸಣ್ಣ ಅಂಗಡಿಗಳ ಮೇಲಾಗೋ ಪರಿಣಾಮದ ಬಗ್ಗೆ ವರದಿ ಕೊಟ್ಟಿತು. ವಿದೇಶಿ, ದೇಶಿ ಅನ್ನೋ ಭೇದ ಇಲ್ಲ, ಎಲ್ಲಾ ಸೇರಿ. ದೊಡ್ಡ ಅಂಗಡಿ ಪಕ್ಕಕ್ಕೆ ಬಂದ ಕೂಡಲೇ ಸಣ್ಣ ಅಂಗಡಿಗಳ ವ್ಯಾಪಾರ, ಲಾಭ ಎರಡೂ ಇಳೀತು. ಆದ್ರೆ ದಿನ ಕಳೆದ ಹಾಗೆ ಏಟಿನ ಜೋರು ಕಮ್ಮಿ ಆಯ್ತು. ವರ್ಷಕ್ಕೆ ಮುಚ್ಚೋ ಸಣ್ಣ ಅಂಗಡಿಗಳು ಶೇಕಡ 4.2. ಅದರಲ್ಲಿ ದೊಡ್ಡ ಅಂಗಡಿಗಳ ಪೈಪೋಟಿಯಿಂದ ಮುಚ್ಚಿದ್ದು ಶೇಕಡ 1.7 ಮಾತ್ರ. ರೈತರ ಕಡೆಯಿಂದ ಒಂದು ಒಳ್ಳೇ ಸುದ್ದಿಯೂ ಇತ್ತು. ಹೂಕೋಸು ಬೆಳೆಗಾರರು ಮಂಡಿ ಬಿಟ್ಟು ನೇರ ಈ ಕಂಪನಿಗಳಿಗೆ ಮಾರಿದಾಗ ಸುಮಾರು 25% ಹೆಚ್ಚು ಬೆಲೆ ಸಿಕ್ಕಿತ್ತು.

ಇನ್ನೊಂದು ಮೆಕ್ಸಿಕೋದ್ದು. ಅಲ್ಲಿಗೆ ವಾಲ್‌ಮಾರ್ಟ್ 1991ರಲ್ಲೇ ಹೋಯ್ತು. ಅಲ್ಲಿ ವಿದೇಶಿ ಸೂಪರ್‌ಮಾರ್ಕೆಟ್ ಬಂದ ಊರುಗಳ ಲೆಕ್ಕ ಹಿಡಿದು ಆಟ್ಕಿನ್, ಫೇಬರ್ ಮತ್ತು ಗೊಂಜಾಲೆಸ್-ನವಾರೋ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಸರಾಸರಿ ಕುಟುಂಬಕ್ಕೆ ಆದ ಲಾಭ ಅದರ ಆದಾಯದ ಸುಮಾರು 6%ಗೆ ಸಮ. ಮುಖ್ಯ ಕಾರಣ ಕಡಿಮೆ ಬೆಲೆ. ಇದು ಸಣ್ಣ ಮೊತ್ತ ಅಲ್ಲ. ಆದ್ರೆ ಎರಡು ಷರಾ ಇದೆ. ಉಳ್ಳವರಿಗೆ ಸಿಕ್ಕ ಲಾಭ ಬಡವರಿಗಿಂತ ಹೆಚ್ಚು, ಯಾಕಂದ್ರೆ ಅಲ್ಲಿ ಹೋಗಿ ಕೊಳ್ಳೋರು ಜಾಸ್ತಿ ಅವರೇ. ಮತ್ತೆ, ಹಳೇ ಮಾದರಿಯ ಅಂಗಡಿಗಳನ್ನ ನಂಬಿದ್ದವರ ಆದಾಯ ಕುಗ್ಗಿತು, ಕೆಲವು ಅಂಗಡಿ ಮುಚ್ಚಿದ್ವು.

ಅಂದ್ರೆ ಲಾಭ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಕೆ ಆಗುತ್ತೆ. ನಷ್ಟ ಕೆಲವರ ತಲೆ ಮೇಲೆ ಒಟ್ಟಿಗೆ ಬೀಳುತ್ತೆ. ಹತ್ತು ರೂಪಾಯಿ ಉಳಿಸಿದವರು ಬೀದಿಗೆ ಬಂದು ಘೋಷಣೆ ಕೂಗಲ್ಲ. ಅಂಗಡಿ ಕಳ್ಕೊಂಡವರು ಕೂಗ್ತಾರೆ. ಇಬ್ಬರೂ ನಿಜವೇ ಹೇಳ್ತಿರ್ತಾರೆ.

ಆಮೇಲೆ ಅದು ಮೊಬೈಲ್‌ನಲ್ಲಿ ಬಂತು

2018ರ ಮೇ ತಿಂಗಳು. ಕಟ್ಟಡದ ಬಾಗಿಲಿಂದ ಬರೋಕಾಗದ ವಾಲ್‌ಮಾರ್ಟ್, 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಸುಮಾರು 77% ಪಾಲು ಕೊಂಡಿತು. ನಿಯಮದ ಪ್ರಕಾರ ವಿದೇಶಿ ಬಂಡವಾಳ ಇರೋ ಇ-ಕಾಮರ್ಸ್ ಕಂಪನಿ ತಾನೇ ಸ್ಟಾಕ್ ಇಟ್ಟು ಮಾರೋ ಹಾಗಿಲ್ಲ. ಸಂತೆ ಮಾಳ ಇದ್ದ ಹಾಗೆ, ಜಾಗ ಮಾತ್ರ ಅದರದ್ದು, ಮಾರೋರು ಬೇರೆಯವರು. 2018ರ ಡಿಸೆಂಬರ್‌ನಲ್ಲಿ ಸರ್ಕಾರ ಈ ನಿಯಮವನ್ನ ಇನ್ನೂ ಬಿಗಿ ಮಾಡಿತು. ಮಾರಾಟಗಾರನ ಖರೀದಿಯಲ್ಲಿ 25%ಕ್ಕಿಂತ ಹೆಚ್ಚು ಆ ಕಂಪನಿಯ ಕಡೆಯಿಂದಲೇ ಬಂದ್ರೆ, ಆ ಸ್ಟಾಕ್ ಕಂಪನಿಯದ್ದೇ ಅಂತ ಲೆಕ್ಕ. ನಿಯಮ ಬಿಗಿ ಆಯ್ತು, ವ್ಯಾಪಾರ ಬೆಳೀತಾನೇ ಇತ್ತು.

ಮೆಟ್ರೋ ಕತೆ ಏನಾಯ್ತು? 2022ರ ಡಿಸೆಂಬರ್‌ನಲ್ಲಿ ತನ್ನ ಭಾರತದ 31 ಮಳಿಗೆಗಳ ವ್ಯವಹಾರವನ್ನ 2,850 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರೋದಾಗಿ ಹೇಳಿತು. 2023ರಲ್ಲಿ ವ್ಯವಹಾರ ಮುಗೀತು. ಒಂದು ಕಾಲಕ್ಕೆ ಯಾವ ವಿದೇಶಿ ಕಂಪನಿ ವಿರುದ್ಧ ಗಲಾಟೆ ಆಗಿತ್ತೋ ಅದು ಈಗ ಸ್ವದೇಶಿ. ಅಂಗಡಿ ಅಣ್ಣನಿಗೆ ಏನು ಬದಲಾಯ್ತು? ‘ಮಾಲೀಕ ಜರ್ಮನಿಯವನಾದ್ರೇನು, ಮುಂಬೈಯವನಾದ್ರೇನು, ನನಗೆ ಒಂದು ವಾರ ಟೈಮ್ ಕೊಡ್ತಾನಾ ಹೇಳು’ ಅಂತಾರೆ ಅವರು. ಸರಿಯಾದ ಪ್ರಶ್ನೆ.

ಈಗ ನಾನು ನೆನಪಿಟ್ಕೊಳ್ಳಿ ಅಂದಿದ್ದ ಡಿಸ್ಟ್ರಿಬ್ಯೂಟರ್ ಕಡೆ ವಾಪಸ್ ಬರೋಣ. 2021ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಮಟ್ಟದ ವಿತರಕರ ಒಕ್ಕೂಟ ದೊಡ್ಡ ದೊಡ್ಡ ಕಂಪನಿಗಳಿಗೆ ಪತ್ರ ಬರೀತು. ಅವರ ದೂರು ಸರಳ. ನಾವು ಅಂಗಡಿಯವರಿಗೆ 8ರಿಂದ 12% ಮಾರ್ಜಿನ್ ಕೊಡೋಕೆ ಆಗುತ್ತೆ, ಜಿಯೋಮಾರ್ಟ್, ಮೆಟ್ರೋ, ಉಡಾನ್‌ನಂಥವರು 15ರಿಂದ 20% ಕೊಡ್ತಿದ್ದಾರೆ. ಒಂದೇ ಸೋಪಿಗೆ ಎರಡು ರೇಟು ಯಾಕೆ? 2022ರ ಜನವರಿ 1ರಿಂದ ಮಹಾರಾಷ್ಟ್ರದಲ್ಲಿ ವಿತರಕರು ಕೋಲ್ಗೇಟ್‌ನ ಕೆಲವು ಮಾಲು ಸರಬರಾಜು ನಿಲ್ಲಿಸಿಯೂ ಬಿಟ್ರು.

ಇಲ್ಲಿ ಅಂಗಡಿಯವರಿಗೆ ಲಾಭ ಅಲ್ವಾ? 10 ಬಿಟ್ಟು 18% ಸಿಗುತ್ತೆ ಅಂದ್ರೆ ಯಾರು ಬೇಡ ಅಂತಾರೆ? ಹೌದು, ಆವತ್ತಿಗೆ ಲಾಭ. ಆದ್ರೆ ಡಿಸ್ಟ್ರಿಬ್ಯೂಟರ್ ಗೋಡೌನ್‌ಗೆ ಬೀಗ ಬಿದ್ರೆ ಆ ಒಂದು ವಾರದ ಗಡುವೂ ಅದರ ಜೊತೆಗೇ ಹೋಗುತ್ತೆ. ಅವನ ಸೇಲ್ಸ್‌ಮನ್ ಕೆಲಸವೂ ಹೋಗುತ್ತೆ, ಗೂಡ್ಸ್ ಆಟೋದವನ ಬಾಡಿಗೆಯೂ ಹೋಗುತ್ತೆ. ಇವರು ಯಾರೂ ‘ಅಂಗಡಿ ಮುಚ್ಚಿತು’ ಅನ್ನೋ ಲೆಕ್ಕದಲ್ಲಿ ಬರಲ್ಲ.

ಅಷ್ಟರಲ್ಲಿ ಹತ್ತು ನಿಮಿಷದ ಡೆಲಿವರಿ ಬಂತು. ಫ್ಲಿಪ್‌ಕಾರ್ಟ್ ತನ್ನ ಮಿನಿಟ್ಸ್ ಸೇವೆಯನ್ನ 2024ರ ಆಗಸ್ಟ್‌ನಲ್ಲಿ ಶುರು ಮಾಡಿದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿತರಕರ ಒಕ್ಕೂಟ, ಹಿಂದಿನ ಒಂದು ವರ್ಷದಲ್ಲಿ ದೇಶದಲ್ಲಿ 2 ಲಕ್ಷ ದಿನಸಿ ಅಂಗಡಿ ಮುಚ್ಚಿವೆ ಅಂತ ಹೇಳಿತು. ಇದು ಒಕ್ಕೂಟದ ಅಂದಾಜು, ಸರ್ಕಾರಿ ಗಣತಿ ಅಲ್ಲ. ಹಾಗಾಗಿ ಸ್ವಲ್ಪ ಹುಷಾರಾಗಿ ತಗೊಳ್ಳಿ.

ಬುಕ್ ಯಾಕೆ ತುಂಬುತ್ತೆ, ಗಲ್ಲಾ ಯಾಕೆ ಖಾಲಿ ಆಗುತ್ತೆ

ಈಗ ಅಣ್ಣನ ಮಾತಿಗೆ ಬರೋಣ. ಬಿಕಾಂ ಓದಿದವರಿಗೆ ವರ್ಕಿಂಗ್ ಕ್ಯಾಪಿಟಲ್ ಅನ್ನೋ ಚಾಪ್ಟರ್ ನೆನಪಿರಬಹುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ. ಅದು ನಿಜವಾಗಿ ಅರ್ಥ ಆಗೋದು ದಿನಸಿ ಅಂಗಡಿಯಲ್ಲಿ. ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಒಂದು ಅಂಗಡಿಯಲ್ಲಿ ದಿನಕ್ಕೆ 10,000 ರೂಪಾಯಿ ವ್ಯಾಪಾರ ಅಂತ ಇಟ್ಕೊಳ್ಳಿ. ಅದರಲ್ಲಿ 7,000 ನಗದು ಅಥವಾ ಯುಪಿಐ, 3,000 ಉದ್ರಿ. ಲಾಭ 10%. ವಾರಕ್ಕೆ ವ್ಯಾಪಾರ 70,000, ಲಾಭ 7,000. ಡಿಸ್ಟ್ರಿಬ್ಯೂಟರ್‌ಗಳಿಗೆ ಕೊಡಬೇಕಾದ್ದು 63,000. ಆ ವಾರ ಕೈಗೆ ಬಂದಿದ್ದು 49,000. ಕೊರತೆ 14,000. ಒಂದನೇ ತಾರೀಕು ಉದ್ರಿ ವಸೂಲಿ ಆಗೋವರೆಗೆ ಪ್ರತಿ ವಾರ ಇಷ್ಟನ್ನ ಅಂಗಡಿಯವರು ಉಳಿತಾಯದಿಂದಲೋ, ಚೀಟಿ ಎತ್ತಿಯೋ, ಚಿನ್ನ ಅಡ ಇಟ್ಟೋ ಹೊಂದಿಸಬೇಕು.

ಈಗ ಎದುರಿನ ಅಪಾರ್ಟ್‌ಮೆಂಟ್‌ನವರು ಆ್ಯಪ್‌ಗೆ ಹೋದ್ರು. ಅವರು ಎಂಥ ಗಿರಾಕಿಗಳು? ನಗದು ಕೊಡೋರು. ಆ್ಯಪ್‌ಗೆ ಮೊದಲು ಹೋಗೋದು ಅವರೇ. ಉದ್ರಿ ಗಿರಾಕಿ ಎಲ್ಲೂ ಹೋಗಲ್ಲ, ಆ್ಯಪ್ ಅವರಿಗೆ ‘ಬರ್ಕೊಳ್ಳಿ’ ಅನ್ನೋ ಬಟನ್ ಕೊಡಲ್ಲ. ಹಾಗಾಗಿ ದಿನದ ನಗದು ವ್ಯಾಪಾರ 7,000ದಿಂದ 4,000ಕ್ಕೆ ಇಳೀತು, ಉದ್ರಿ 3,000 ಹಾಗೇ ಇದೆ.

ವಾರದ ವ್ಯಾಪಾರ ಈಗ 49,000. ಲಾಭ 4,900. ಡಿಸ್ಟ್ರಿಬ್ಯೂಟರ್‌ಗೆ ಕೊಡಬೇಕಾದ್ದು 44,100. ಕೈಗೆ ಬಂದಿದ್ದು 28,000. ಕೊರತೆ 16,100.

ನೋಡಿದ್ರಾ? ವ್ಯಾಪಾರ 30% ಕಮ್ಮಿ ಆಯ್ತು. ಲಾಭ 30% ಕಮ್ಮಿ ಆಯ್ತು. ಆದ್ರೆ ಹೊಂದಿಸಬೇಕಾದ ದುಡ್ಡು ಕಮ್ಮಿ ಆಗಲಿಲ್ಲ, ಜಾಸ್ತಿ ಆಯ್ತು. ಬಾಡಿಗೆ, ಕರೆಂಟ್ ಬಿಲ್ ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ‘ಬುಕ್ ತುಂಬ್ತಾ ಇದೆ, ಗಲ್ಲಾ ತುಂಬ್ತಾ ಇಲ್ಲ’ ಅಂದ್ರೆ ಇದು. ಅಣ್ಣ ಬಿಕಾಂ ಓದಿಲ್ಲ, ಆದ್ರೆ ಒಂದೇ ಸಾಲಿನಲ್ಲಿ ಹೇಳಿದ್ರು.

ಇಂಥ ಅಂಗಡಿ ಒಂದೇ ದಿನ ಶಟರ್ ಎಳೆಯಲ್ಲ. ಮೊದಲು ನಾಲ್ಕು ಬ್ರ್ಯಾಂಡ್ ಇದ್ದ ಕಡೆ ಎರಡು ಇಡ್ತಾರೆ. ಆಮೇಲೆ ಫ್ರಿಜ್ ಅರ್ಧ ಖಾಲಿ. ಸಾಮಾನು ಸಿಗಲ್ಲ ಅಂತ ಇನ್ನೊಂದಿಷ್ಟು ನಗದು ಗಿರಾಕಿಗಳು ಬಿಡ್ತಾರೆ. ಕೊನೆಗೆ ಅಣ್ಣ ಮಾಡಬೇಕಾದ ಕೆಲಸ ಒಂದೇ. ಬೋರ್ಡ್‌ನಲ್ಲಿ ಬರೆದಿದ್ದನ್ನ ನಿಜ ಮಾಡೋದು, ಉದ್ರಿ ನಿಲ್ಲಿಸೋದು. ಅಂಗಡಿ ಉಳೀಬಹುದು. ಆದ್ರೆ 27ನೇ ತಾರೀಕು ಎಣ್ಣೆ ಬೇಕಾದ ಅಕ್ಕ ಎಲ್ಲಿಗೆ ಹೋಗಬೇಕು?

ಇದನ್ನೇ ನಾನು ಹೇಳೋಕೆ ಹೊರಟಿದ್ದು. ಮುಚ್ಚಿದ ಅಂಗಡಿಗಳನ್ನ ಎಣಿಸಿದ್ರೆ ಅರ್ಧ ಕತೆ ಮಾತ್ರ ಸಿಗುತ್ತೆ. ತೆರೆದೇ ಇರೋ ಅಂಗಡಿಯಲ್ಲಿ ಉದ್ರಿ ನಿಂತ್ರೆ ಅದು ಯಾವ ಲೆಕ್ಕಕ್ಕೂ ಬರಲ್ಲ. ಏಟು ಬೀಳೋದು ಮಾತ್ರ ಆ ಬೀದಿಯಲ್ಲಿ ಅತಿ ಕಡಿಮೆ ಕಾಸಿರೋ ಮನೆಗೆ. ನನ್ನ ಆರ್ಡರ್‌ನಲ್ಲಿ ನನಗೆ 40 ರೂಪಾಯಿ ಉಳೀತು. ಅದರ ಇನ್ನೊಂದು ತುದಿ ಇಲ್ಲಿದೆ.

ಹಾಗಾದ್ರೆ ಏನು ಮಾಡಬಹುದು?

‘ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ’ ಅಂತ ನಾನು ಹೇಳಲ್ಲ. ನಾನೇ ಬಳಸ್ತೀನಿ, ರಾತ್ರಿ 11ಕ್ಕೆ ಜ್ವರದ ಮಾತ್ರೆ ಬೇಕಾದಾಗ ಅದು ವರವೇ. ‘ವಿದೇಶಿ ಕಂಪನಿ ಓಡಿಸಿ’ ಅನ್ನೋದೂ ಉತ್ತರ ಅಲ್ಲ. ಮೆಟ್ರೋ ಹೋಯ್ತು, ಸಮಸ್ಯೆ ಹೋಗಲಿಲ್ಲ.

ಸಮಸ್ಯೆ ಸಾಲದ್ದಾದ್ರೆ ಪರಿಹಾರವೂ ಸಾಲದ ಕಡೆಯೇ ಇರಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳನ್ನೂ ಎಂಎಸ್‌ಎಂಇ ಅಂತ ಗುರುತಿಸಿತು. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡ್ಕೋಬಹುದು. ಇದರ ಉಪಯೋಗ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ, ಆದ್ರೂ ಅದು ಸಣ್ಣದಲ್ಲ. 2015ರಿಂದ ಮುದ್ರಾ ಸಾಲ ಇದೆ, 50,000 ರೂಪಾಯಿವರೆಗಿನ ‘ಶಿಶು’ ಸಾಲದಿಂದ ಶುರು. ನಮ್ಮ ಲೆಕ್ಕದ ಕೊರತೆಯನ್ನ ಮೂರು ವಾರ ತುಂಬೋಕೆ ಅಷ್ಟು ಸಾಕು.

ಆದ್ರೆ ಬ್ಯಾಂಕು ಸಾಲ ಕೊಡಬೇಕಾದ್ರೆ ವ್ಯಾಪಾರದ ದಾಖಲೆ ಕೇಳುತ್ತೆ. ಯುಪಿಐ ಬಂದ ಮೇಲೆ ಆ ದಾಖಲೆ ತಾನಾಗೇ ಬೆಳೀತಾ ಇತ್ತು. ಅಷ್ಟರಲ್ಲಿ 2025ರ ಜುಲೈಯಲ್ಲಿ ಏನಾಯ್ತು ನೆನಪಿದೆಯಲ್ಲ? ಯುಪಿಐ ವಹಿವಾಟಿನ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಬರೆದ್ರು. ತೆರಿಗೆ ಕಟ್ಟಬೇಕಾದವರು ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾವ ದಾಖಲೆಯಿಂದ ಸಾಲ ಸಿಗಬೇಕಿತ್ತೋ, ಅದೇ ದಾಖಲೆ ನೋಡಿ ಅಂಗಡಿಯವರು ಹೆದರೋ ಹಾಗಾಯ್ತು. ತೆರಿಗೆಯವರು ಬರೋಷ್ಟೇ ಬೇಗ ಬ್ಯಾಂಕಿನವರೂ ಅಂಗಡಿ ಬಾಗಿಲಿಗೆ ಬಂದಿದ್ರೆ ಕತೆ ಬೇರೆ ಇರ್ತಿತ್ತು.

ಇನ್ನು ನಾವು? ನಮ್ಮ ಕೈಯಲ್ಲಿರೋದು ತುಂಬಾ ಸಣ್ಣ ವಿಷಯ, ಆದ್ರೆ ಲೆಕ್ಕದ ಪ್ರಕಾರ ಸಣ್ಣದಲ್ಲ. ಆ ಉದಾಹರಣೆಗೆ ವಾಪಸ್ ಹೋಗಿ. ಅಂಗಡಿಗೆ ಬೇಕಾಗಿರೋದು ಅನುಕಂಪ ಅಲ್ಲ, ನಗದು ಗಿರಾಕಿ. ಹಾಲು, ಮೊಸರು, ಕೊತ್ತಂಬರಿ, ಸೋಪು ಹೀಗೆ ದಿನಕ್ಕೆ 100 ರೂಪಾಯಿಯ ಸಾಮಾನನ್ನ 30 ಮನೆಯವರು ಅಲ್ಲೇ ಕಾಸು ಕೊಟ್ಟು ತಗೊಂಡ್ರೆ, ಕಳೆದುಹೋದ 3,000 ವಾಪಸ್ ಬರುತ್ತೆ. ಆ ದುಡ್ಡಿನ ಮೇಲೆ ನಿಂತು ಅಣ್ಣ ಇನ್ನೊಬ್ಬರಿಗೆ ಬರ್ಕೊಳ್ತಾರೆ.

ನೀವು ಒಂದು ಕೆಲಸ ಮಾಡಿ. ಈ ವಾರ ನಿಮ್ಮ ಬೀದಿಯ ಅಂಗಡಿಯವರನ್ನ ಒಂದೇ ಪ್ರಶ್ನೆ ಕೇಳಿ: ‘ಮಾಲಿಗೆ ದುಡ್ಡು ಕೊಡೋಕೆ ನಿಮಗೆ ಎಷ್ಟು ದಿನ ಟೈಮ್ ಸಿಗುತ್ತೆ? ಐದು ವರ್ಷದ ಹಿಂದೆ ಎಷ್ಟು ಸಿಗ್ತಿತ್ತು?’ ಉತ್ತರವನ್ನ ವಾಯ್ಸ್ ನೋಟ್‌ನಲ್ಲಿ ಕಳಿಸಿ, ಊರಿನ ಹೆಸರು ಹೇಳೋದು ಮರೀಬೇಡಿ. ಬೆಂಗಳೂರಿನ ಕತೆ ಹೇಳಿದ್ದೀನಿ. ಹುಬ್ಬಳ್ಳಿ, ಪುತ್ತೂರು, ಸಿಂಧನೂರಿನಲ್ಲಿ ಹೇಗಿದೆ ಅಂತ ನಿಮ್ಮಿಂದ ಕೇಳಬೇಕು.

ಮೊನ್ನೆ ಒಂದನೇ ತಾರೀಕು ಮತ್ತೆ ಅಂಗಡಿಗೆ ಹೋಗಿದ್ದೆ. ಆ ಅಕ್ಕ ಬಂದು ಲೆಕ್ಕ ಚುಕ್ತಾ ಮಾಡ್ತಿದ್ರು. ಅಣ್ಣ ಪುಟದ ಮೇಲೆ ಅಡ್ಡ ಗೆರೆ ಎಳೆದು, ಮುಂದಿನ ಪುಟ ತಿರುವಿ ಅವರ ಹೆಸರು ಬರೆದು ಇಟ್ರು. ಬೋರ್ಡ್ ಇನ್ನೂ ಅಲ್ಲೇ ಇದೆ. ಸದ್ಯಕ್ಕೆ ಅದು ಇನ್ನೂ ಸುಳ್ಳೇ ಹೇಳ್ತಾ ಇದೆ.

ಮುಂದಿನ ವಾರ ಸಿಗೋಣ. ನಮಸ್ಕಾರ.